ಆಡುವಂತೆ ಬರೆಯುವುದು

'ಆಡುವಂತೆ ಬರೆಯಿರಿ' ಎಂಬುದು ಹೊಸ ಲೇಖಕರಿಗೆ ಹಿರಿಯರು ಕೊಡುತ್ತ ಬಂದಿರುವ ಸಲಹೆ. ಓದುಗನೊಡನೆ ಕುಳಿತು ಸಲ್ಲಾಪ ನಡೆಸುವಂತೆ ಸಾಗುವ ಲೇಖನ ಯಾರಿಗೆ ತಾನೆ ಪ್ರಿಯವಲ್ಲ? ಎ. ಎನ್. ಮೂರ್ತಿರಾವ್ ಅವರ ಪ್ರಬಂಧಗಳನ್ನು ಓದಿದವರಿಗೆ ಆ ಸುಖದ ಪರಿಚಯವಿದೆ.

ಆದರೆ ಪುತ್ತೂರು, ಸುಳ್ಯ, ಕಡಬದ ಕಡೆಯವರಿಗೆ ಈ ಸಲಹೆಯನ್ನು ಕೊಟ್ಟರೆ ಅವರು ಮರುಪ್ರಶ್ನೆ ಹಾಕಬೇಕಾಗುತ್ತದೆ: ಆಡುವುದು ಯಾವ ಭಾಷೆಯಲ್ಲಿ? ಪೇಟೆಯಲ್ಲಿ, ತೋಟದಲ್ಲಿ ತುಳು. ಮನೆಯೊಳಗೆ ತುಳುವೇ ಇರಬಹುದು, ಹವ್ಯಕ ಕನ್ನಡವೋ ಅರೆಭಾಷೆಯೋ ಕೊಂಕಣಿಯೋ ಬ್ಯಾರಿಯೋ ಇರಬಹುದು. ಗ್ರಂಥದ ಕನ್ನಡ ಇವರಿಗೆ ದೊರೆತದ್ದು ಶಾಲೆಯಲ್ಲಿ ಮತ್ತು ತಾಳಮದ್ದಳೆಯ ಅರ್ಥಗಾರಿಕೆಯಲ್ಲಿ. ಎರಡೂ ಕಡೆ ಕೇಳಿದ್ದು ಗಂಭೀರವಾದ, ವ್ಯಾಕರಣಬದ್ಧವಾದ ಕನ್ನಡ. ಇವರು ಮಾತನಾಡಿದರೆ ಪುಸ್ತಕ ಓದಿದಂತಿರುತ್ತದೆ ಎಂದು ಘಟ್ಟದ ಮೇಲಿನವರು ಹಾಸ್ಯ ಮಾಡುವುದೂ ಉಂಟು.

ಇದರ ಪರಿಣಾಮವನ್ನು ನಾನು ಅಧ್ಯಾಪನದ ವರ್ಷಗಳಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ತೋಟದ ಕೆಲಸವನ್ನು ಸ್ವಾರಸ್ಯವಾಗಿ ವರ್ಣಿಸುತ್ತಿದ್ದ ವಿದ್ಯಾರ್ಥಿ, ಅದನ್ನೇ ಬರೆದು ತಾ ಎಂದರೆ, 'ಭಾರತವು ಕೃಷಿಪ್ರಧಾನ ದೇಶವಾಗಿದೆ' ಎಂದು ಆರಂಭಿಸುತ್ತಿದ್ದ. ಅವನು ಬಲ್ಲದ್ದೆಲ್ಲ ಆ ವಾಕ್ಯದ ಹೊರಗೇ ಉಳಿಯುತ್ತಿತ್ತು.

ಹಾಗಾದರೆ ಇವರು ಮೈಸೂರಿನ ಆಡುಮಾತನ್ನು ಅನುಕರಿಸಬೇಕೆ? ಅಗತ್ಯವಿಲ್ಲ. 'ಮಾಡುತ್ತಾರೆ' ಎಂಬುದನ್ನು 'ಮಾಡ್ತಾರೆ' ಎಂದು ಬರೆದ ಮಾತ್ರಕ್ಕೆ ಜಡವಾದ ಲೇಖನ ಎದ್ದು ನಡೆಯುವುದಿಲ್ಲ. ಎದುರಿಗಿರುವವನು ಮುಂದೆ ಏನು ಕೇಳುತ್ತಾನೆಂದು ಊಹಿಸಿ, ಅವನು ಕೇಳುವ ಮೊದಲೇ ಉತ್ತರಿಸುವುದರಲ್ಲಿ ಮಾತಿನ ಗುಣವಿದೆ. ಈ ಗುಣ ತುಳುವಿನಲ್ಲಿ ಯೋಚಿಸಿ ಕನ್ನಡದಲ್ಲಿ ಬರೆಯುವವನಿಗೂ ಸಾಧ್ಯ. ಗ್ರಾಂಥಿಕ ಕನ್ನಡದಲ್ಲಿಯೂ ಸಾಧ್ಯ.

ಒಂದು ಉದಾಹರಣೆ ಕೊಡುತ್ತೇನೆ. 'ಅಡಿಕೆಯ ಕೊಳೆರೋಗದ ನಿವಾರಣಾರ್ಥ ಮಳೆಗಾಲಕ್ಕೆ ಮುನ್ನ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಸಿಂಪಡಿಸತಕ್ಕದ್ದು' ಎಂಬುದು ಸುತ್ತೋಲೆಯ ಭಾಷೆ. ತಪ್ಪೇನೂ ಇಲ್ಲ, ಓದಿ ಮುಗಿಸುವವರೂ ಇಲ್ಲ. ಕೃಷಿಕನು ನೆರೆಮನೆಯವನಿಗೆ ಹೇಳುವ ಕ್ರಮವೇ ಬೇರೆ: 'ಮಳೆ ಹಿಡಿಯುವ ಮೊದಲು ಒಂದು ಸಲ ಮದ್ದು ಬಿಟ್ಟಾಗಬೇಕು. ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರು. ಸುಣ್ಣ ಸಾಕಾಯಿತೋ ಇಲ್ಲವೋ ಎಂದು ತಿಳಿಯಲು ಉಜ್ಜಿ ತೊಳೆದ ಕತ್ತಿಯನ್ನು ಅದರಲ್ಲಿ ಅದ್ದಿ ನೋಡಿ. ಅಲಗಿಗೆ ಕೆಂಪು ಹತ್ತಿದರೆ ತಾಮ್ರ ಇನ್ನೂ ಬಿಡಿಯಾಗಿದೆ. ಸ್ವಲ್ಪ ಸುಣ್ಣ ಸೇರಿಸಿ.' ಇಲ್ಲಿ ಗ್ರಾಮ್ಯವಾದ ಒಂದು ಪದವೂ ಇಲ್ಲ. ಆದರೂ ಒಬ್ಬ ಮನುಷ್ಯ ಮಾತನಾಡುತ್ತಿದ್ದಾನೆ.

ಈ ವಿದ್ಯೆಗೆ ನಮ್ಮ ನೆಲದಲ್ಲಿಯೇ ಮೇಲ್ಪಂಕ್ತಿಯಿದೆ. ದಶಕಗಳ ಕಾಲ ಪುತ್ತೂರಿನಲ್ಲಿ ಬಾಳಿದ ಶಿವರಾಮ ಕಾರಂತರು 'ಬಾಲಪ್ರಪಂಚ'ದ ಮೂರು ಸಂಪುಟಗಳನ್ನು ಮಕ್ಕಳಿಗಾಗಿ ರಚಿಸಿದರು. ಲೋಕದ ವಿಷಯಗಳನ್ನೆಲ್ಲ ಮಗುವಿಗೆ ಹೇಳಹೊರಟವನು ಪಾಂಡಿತ್ಯದ ಮರೆಯಲ್ಲಿ ಅಡಗಿ ಕೂರುವಂತಿಲ್ಲ. ಅನಂತರ, 1988ರಲ್ಲಿ, ಪುತ್ತೂರಿನಿಂದಲೇ 'ಅಡಿಕೆ ಪತ್ರಿಕೆ' ಹೊರಟಿತು. ಶ್ರೀ ಪಡ್ರೆಯವರು ಅದರ ಮೂಲಕ ಮುಂದಿಟ್ಟ ಆಶಯ 'ಕೃಷಿಕರ ಕೈಗೆ ಲೇಖನಿ' ಎಂಬುದು. ಕೃಷಿಕರಿಗೆ ಬರವಣಿಗೆಯ ಶಿಬಿರಗಳೂ ನಡೆದವು. ಹಾರೆ ಹಿಡಿದ ಕೈಯೇ ಲೇಖನಿಯನ್ನೂ ಹಿಡಿದು, ತಾನು ಮಾಡಿ ನೋಡಿದ್ದನ್ನು ಇನ್ನೊಬ್ಬ ಕೃಷಿಕನಿಗೆ ತಿಳಿಸಿತು. ಕನ್ನಡ ಗದ್ಯದ ಚರಿತ್ರೆ ಬರೆಯುವವರು ಇದನ್ನು ಕೃಷಿಯ ಸುದ್ದಿಯೆಂದು ಬದಿಗೆ ಸರಿಸಬಾರದು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮಾತನ್ನು ಇದ್ದಂತೆಯೇ ಕಾಗದಕ್ಕೆ ಇಳಿಸಿದರೆ ಲೇಖನವಾಗದು. ಆಡುವಾಗ 'ಇಷ್ಟು ಆಳದ ಗುಂಡಿ' ಎಂದು ಕೈ ತೋರಿಸುತ್ತೇವೆ. ಕಾಗದಕ್ಕೆ ಕೈಯಿಲ್ಲ, ಅಲ್ಲಿ ಅಡಿ, ಅಂಗುಲಗಳನ್ನೇ ಹೇಳಬೇಕು. ಆಡುವಾಗ ಕೇಳುವವನ ಮುಖ ನೋಡಿ ಅರ್ಥವಾಗದ್ದನ್ನು ಇನ್ನೊಮ್ಮೆ ಹೇಳುತ್ತೇವೆ. ಬರೆಯುವಾಗ ಆ ಮುಖವನ್ನು ಮನಸ್ಸಿನಲ್ಲೇ ಕಲ್ಪಿಸಿಕೊಳ್ಳಬೇಕು. ಆದುದರಿಂದಲೇ ಸಲೀಸಾಗಿ ಓದಿಸಿಕೊಳ್ಳುವ ಲೇಖನದ ಹಿಂದೆ ಎರಡು ಮೂರು ಸಲ ತಿದ್ದಿದ ಪ್ರತಿಗಳಿರುತ್ತವೆ.

ನಮ್ಮ ತಾಲ್ಲೂಕುಗಳಲ್ಲಿ ಕಟ್ಟ ಕಟ್ಟುವುದನ್ನು, ಸುರಂಗ ತೋಡಿ ನೀರು ತರುವುದನ್ನು ಬಲ್ಲ ಹಿರಿಯರು ಇನ್ನೂ ಇದ್ದಾರೆ. 'ನಮಗೆ ಬರೆಯುವ ಕನ್ನಡ ಬಾರದು' ಎಂಬ ಸಂಕೋಚ ಅವರಲ್ಲಿ ಹಲವರಿಗೆ. ನೀವು ನೆರೆಯವರಿಗೆ ಹೇಳುವ ಕ್ರಮದಲ್ಲೇ ಬರೆಯಿರಿ, ಕಾಗುಣಿತವನ್ನು ನಾವು ನೋಡಿಕೊಳ್ಳುತ್ತೇವೆ ಎಂದು ಓದುಬರಹ ಬಲ್ಲ ಕಿರಿಯರು ಅವರಿಗೆ ಧೈರ್ಯ ಹೇಳಬೇಕು. ಅವರು ಬರೆಯದೆ ಹೋದರೆ, ಬಾಯಿಂದ ಬಾಯಿಗೆ ಉಳಿದು ಬಂದ ಆ ತಿಳಿವಳಿಕೆ ಅವರೊಂದಿಗೇ ಮುಗಿಯುತ್ತದೆ.