ಗಣಕಯಂತ್ರದ ಗೇಣಿದಾರರು



ನಮ್ಮ ದೇಶದಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದದ್ದು 1986ರಲ್ಲಿ. ಬೆಂಗಳೂರು ಗ್ರಾಮಾಂತರವೆಂಬ ಜಿಲ್ಲೆ ಬೇರೆಯಾಗಿ ರೂಪುಗೊಂಡದ್ದೂ ಅದೇ ವರ್ಷ. ಆ ಕಾಯಿದೆಯನ್ನು ರಚಿಸಿದವರ ಕಣ್ಣಮುಂದೆ ಇದ್ದಿರಬಹುದಾದ ಗ್ರಾಹಕನನ್ನು ದೊಡ್ಡಬಳ್ಳಾಪುರದ, ಹೊಸಕೋಟೆಯ ಸಂತೆಗಳಲ್ಲಿ ಓಡಾಡಿದ ನಾವೆಲ್ಲರೂ ಬಲ್ಲೆವು. ತಕ್ಕಡಿಯ ಮುಳ್ಳು ಒಂದು ಕಡೆಗೆ ವಾಲುತ್ತದೆ. ಕೊಂಡ ಕೊಡೆ ಮೊದಲ ಮಳೆಗೇ ಸೋರುತ್ತದೆ. ಕೊಡುವ ರಸೀದಿಯಲ್ಲಿ ಬೆಲೆ ಇರುವುದಿಲ್ಲ. ಇವು ಕಣ್ಣಿಗೆ ಕಾಣುವ ಅನ್ಯಾಯಗಳು. ಕೊಂಡವನು ವಸ್ತುವಿನ ಒಡೆಯ, ಮಾರಿದವನು ಅದರ ಗುಣಕ್ಕೆ ಹೊಣೆಗಾರ ಎಂಬ ಸರಳ ಧರ್ಮವೊಂದು ಆ ವ್ಯಾಪಾರದ ಹಿಂದೆ ಇತ್ತು. ಆ ಧರ್ಮಕ್ಕೆ ಚ್ಯುತಿ ಬಂದಾಗ ಕೇಳಲು ಕಾಯಿದೆ ನೆರವಾಗುತ್ತಿತ್ತು.

ಇಂದು ನಾವು ದಿನವೂ ಮುಟ್ಟುವ ವಸ್ತುಗಳಲ್ಲಿ ಬಹುಮುಖ್ಯವಾದ ಒಂದು ಈ ಧರ್ಮಕ್ಕೆ ಒಳಪಡುವುದೇ ಇಲ್ಲವೆಂಬುದನ್ನು ತಾವು ಗಮನಿಸಿರಬಹುದು. ಅದು ತಂತ್ರಾಂಶ. ಗಣಕಯಂತ್ರವನ್ನೋ ಮೊಬೈಲ್ ಫೋನನ್ನೋ ತಂದು ಮೊದಲ ಸಲ ಚಾಲೂ ಮಾಡಿದಾಗ ಪರದೆಯ ಮೇಲೆ ಉದ್ದನೆಯದೊಂದು ಕರಾರುಪತ್ರ ಮೂಡುತ್ತದೆ. ಅದನ್ನು ಕೊನೆಯವರೆಗೆ ಓದಿದವರು ವಿರಳ. ಕೆಳಗೆ ‘ಒಪ್ಪಿದೆ’ ಎಂಬ ಗುಂಡಿಯಿದೆ. ಒತ್ತದಿದ್ದರೆ ಹಣ ಕೊಟ್ಟು ತಂದ ಯಂತ್ರ ಮಿಸುಕಾಡುವುದಿಲ್ಲ. ತಂತ್ರಾಂಶವನ್ನು ತಮಗೆ ಮಾರಿಲ್ಲ, ಬಳಸಲು ಪರವಾನಗಿಯನ್ನು ಮಾತ್ರ ಕೊಡಲಾಗಿದೆ ಎಂಬುದೇ ಇಂಥ ಬಹುಪಾಲು ಕರಾರುಗಳ ತಿರುಳು. ನಮ್ಮ ಹಳ್ಳಿಯ ಹಿರಿಯರಿಗೆ ಇದನ್ನು ವಿವರಿಸಲು ಕಷ್ಟಪಡಬೇಕಾಗಿಲ್ಲ. ಇದರ ಹೆಸರು ಗೇಣಿ. 1974ರಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ, ಉಳುವವನೇ ಹೊಲದೊಡೆಯನೆಂದು ಸಾರಿ, ನಮೂನೆ 7ರಲ್ಲಿ ಅರ್ಜಿ ಹಾಕಿದ ಎಷ್ಟೋ ಗೇಣಿದಾರರು ಭೂನ್ಯಾಯಮಂಡಲಿಯ ಮುಂದೆ ನಿಂತು ತಮ್ಮ ಹೊಲಗಳಿಗೆ ಒಡೆಯರಾದರು. ಹೊಲದಿಂದ ಹೊರಟುಹೋದ ಗೇಣಿ ನಮ್ಮ ಮೇಜಿನ ಮೇಲೆ ಬಂದು ಕುಳಿತಿರುವುದನ್ನು ನಾವು ಅಷ್ಟಾಗಿ ಲಕ್ಷಿಸಿದಂತಿಲ್ಲ.

ಗೇಣಿಯ ಲಕ್ಷಣವೆಂದರೆ ಅದರ ಅವಧಿ ಒಡೆಯನ ಇಚ್ಛೆಯನ್ನು ಅವಲಂಬಿಸಿರುವುದು. ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ಎಕ್ಸ್‌ಪಿ ಎಂಬ ಕಾರ್ಯವ್ಯವಸ್ಥೆ 2001ರಲ್ಲಿ ಬಿಡುಗಡೆಯಾಯಿತು. ಅದಕ್ಕೆ ಒದಗುತ್ತಿದ್ದ ಬೆಂಬಲ 2014ರ ಏಪ್ರಿಲ್ 8ರಂದು ನಿಂತಿತು. ವಿಂಡೋಸ್ 7ರ ಸರದಿ 2020ರ ಜನವರಿ 14ರಂದು ಬಂದಿತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೂ ಸಾಮಾನ್ಯ ಬೆಂಬಲ ಮುಗಿಯಿತು. ಹಣ ತೆತ್ತೋ ಕೆಲವು ಷರತ್ತುಗಳಿಗೆ ಒಪ್ಪಿಯೋ ಮನೆಬಳಕೆದಾರರು ಇನ್ನೊಂದು ವರ್ಷ ರಕ್ಷಣೆ ಪಡೆಯಬಹುದೆಂದು ಕಂಪನಿ ಹೇಳಿತು. ಮುಂದಿನದಾದ ವಿಂಡೋಸ್ 11 ಹಳೆಯ ಯಂತ್ರಗಳಲ್ಲಿ ಅನೇಕವನ್ನು ತನಗೆ ಅರ್ಹವೆಂದು ಒಪ್ಪುವುದಿಲ್ಲ. ಅಂಥ ಯಂತ್ರದ ಕೀಲಿಗಳು ಸವೆದಿಲ್ಲ, ಪರದೆ ಒಡೆದಿಲ್ಲ. ಆದರೂ ಅದು ‘ಹಳತು’. ನಮ್ಮ ದೇವನಹಳ್ಳಿಯ ಬಳಿಯಲ್ಲೇ 2025ರಿಂದ ಐಫೋನುಗಳನ್ನು ಜೋಡಿಸುತ್ತಿದ್ದಾರೆ. ಜೋಡಿಸುವ ಕೈಗಳು ಇಲ್ಲಿಯವು. ಅದರ ಒಳಗಿನ ತಂತ್ರಾಂಶಕ್ಕೆ ಎಷ್ಟು ವರ್ಷ ಆಯುಸ್ಸೆಂಬ ತೀರ್ಮಾನ ಮಾತ್ರ ಸಮುದ್ರದಾಚೆಯದು.

ನಾನು ಯಂತ್ರದ್ವೇಷಿಯಲ್ಲ. ಯಂತ್ರ ಹಳತಾಗುವುದು ಲೋಕಸಹಜವೆಂಬುದನ್ನೂ ಬಲ್ಲೆ. ನಮ್ಮ ಕಚೇರಿಗಳಲ್ಲಿ ಒಂದು ಕಾಲಕ್ಕೆ ಕಟಕಟನೆ ಸದ್ದುಮಾಡುತ್ತಿದ್ದ ಕನ್ನಡ ಬೆರಳಚ್ಚು ಯಂತ್ರಗಳು ಇಂದು ಗುಜರಿ ಸೇರಿವೆ. ಒತ್ತಕ್ಷರಗಳನ್ನು ಅವು ಎಲ್ಲೆಲ್ಲಿಗೋ ತಳ್ಳುತ್ತಿದ್ದವು, ದೀರ್ಘಗಳು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಆದರೂ ಅವು ಅಚ್ಚುಮಾಡಿದ ಹಾಳೆಯನ್ನು ಇಂದು ಕಡತದಿಂದ ಹೊರತೆಗೆದರೆ ಕಣ್ಣಿದ್ದವರೆಲ್ಲರೂ ಓದಬಹುದು. ಯಂತ್ರ ಸತ್ತಿತು, ಬರಹ ಬದುಕಿತು. ಗಣಕಯಂತ್ರದ ಯುಗದಲ್ಲಿ ಈ ಕ್ರಮ ತಲೆಕೆಳಗಾಗಿದೆ. ನಾನಿಂದು ಹೇಳಬೇಕೆಂದಿರುವುದು ಮುಖ್ಯವಾಗಿ ಈ ಒಂದು ಸಂಗತಿಯನ್ನು. ತಂತ್ರಾಂಶ ಅವರದಾಗಿದ್ದರೆ ಇರಲಿ. ಅದರಲ್ಲಿ ನಾವು ಬರೆದದ್ದು ಯಾರದು?

ಕನ್ನಡಕ್ಕೆ ಸಂಬಂಧಿಸಿ ಈ ಪ್ರಶ್ನೆ ತೀರ ತೀಕ್ಷ್ಣವಾದದ್ದು. ಗಣಕಯಂತ್ರಕ್ಕೆ ಅಕ್ಷರಜ್ಞಾನವಿಲ್ಲ; ಅದು ತಿಳಿದಿರುವುದು ಸಂಖ್ಯೆಗಳನ್ನು ಮಾತ್ರ. ಇಂಗ್ಲಿಷಿನ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಬಹುಹಿಂದೆಯೇ ಗೊತ್ತಾಗಿತ್ತು. ಕನ್ನಡಕ್ಕೆ ಎಲ್ಲರೂ ಪಾಲಿಸುವಂಥ ಸಂಖ್ಯೆಗಳು ಬಳಕೆಗೆ ಬಾರದಿದ್ದ ಕಾಲದಲ್ಲಿ ನಮ್ಮ ತಂತ್ರಜ್ಞರು ಉಪಾಯವೊಂದನ್ನು ಹೂಡಿದರು. ಇಂಗ್ಲಿಷ್ ಮೊದಲಾದ ಯೂರೋಪಿನ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಒಕ್ಕಲಿಟ್ಟರು. ಉದಾಹರಣೆಗೆ, ಹಳೆಯ ‘ನುಡಿ’ ಅಕ್ಷರವಿನ್ಯಾಸದಲ್ಲಿ ಬರೆದ ‘ಕ’ಕಾರವನ್ನು ಆ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಇಂಗ್ಲಿಷಿನ ‘ಪಿ’, ಅದರ ಪಕ್ಕದಲ್ಲಿ ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’. ಯಂತ್ರದ ಪಾಲಿಗೆ ನಾವು ಕನ್ನಡವನ್ನು ಬರೆದೇ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ತೊಡಿಸಿದ್ದೆವು.

ಆ ಉಪಾಯವನ್ನು ಹಳಿಯುವ ಉದ್ದೇಶ ನನಗಿಲ್ಲ. ಇಪ್ಪತ್ತಾರು ಕೀಲಿಗಳಲ್ಲಿ ಕನ್ನಡದ ಸಮಸ್ತ ಗುಣಿತ, ಒತ್ತಕ್ಷರಗಳನ್ನು ಅಳವಡಿಸುವ ತರ್ಕಬದ್ಧ ವಿನ್ಯಾಸವನ್ನು ಕೊಟ್ಟ ಕೆ. ಪಿ. ರಾವ್ ಅವರನ್ನೂ, 1998ರಲ್ಲಿ ‘ಬರಹ’ವನ್ನು ರಚಿಸಿ ಉಚಿತವಾಗಿ ಹಂಚಿದ ಶೇಷಾದ್ರಿವಾಸು ಅವರನ್ನೂ, ಸರ್ಕಾರದ ಬೆಂಬಲದೊಡನೆ ‘ನುಡಿ’ಯನ್ನು ಒದಗಿಸಿದ ಕನ್ನಡ ಗಣಕ ಪರಿಷತ್ತನ್ನೂ ಕನ್ನಡಿಗರು ಕೃತಜ್ಞತೆಯಿಂದ ನೆನೆಯಬೇಕು. ಕನ್ನಡಕ್ಕೆ ಸಮರ್ಥವಾದ ತಂತ್ರಾಂಶ ಒದಗದಿದ್ದರೆ ಭಾಷೆಗೇ ಗಂಡಾಂತರವೆಂದು ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಮತ್ತೆಮತ್ತೆ ಎಚ್ಚರಿಸುತ್ತಿದ್ದರು. ತೊಡಕು ಇದ್ದದ್ದು, ಒಂದೊಂದು ತಂತ್ರಾಂಶವೂ ಅಕ್ಷರದ ತುಂಡುಗಳನ್ನು ತನ್ನದೇ ಕ್ರಮದಲ್ಲಿ ಇರಿಸಿದ್ದರಲ್ಲಿ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಅಸಂಬದ್ಧ ಪ್ರಲಾಪ. ಆ ಕ್ರಮದ ಗುಟ್ಟು ಖಾಸಗಿ ಸಂಸ್ಥೆಯ ಕೈಯಲ್ಲಿದ್ದರೆ ಬರಹದ ಬೀಗದ ಕೈಯೂ ಅದರ ಸೊಂಟದಲ್ಲೇ.

ಇದರ ಫಲವೇನೆಂಬುದಕ್ಕೆ ನನ್ನ ಅನುಭವದ ಒಂದು ನಿದರ್ಶನ ಕೊಡುತ್ತೇನೆ. ದೊಡ್ಡಬಳ್ಳಾಪುರ ನೇಕಾರರ ಊರು. ಈಗ ಅಲ್ಲಿ ಕೇಳಿಬರುವುದು ವಿದ್ಯುತ್ ಮಗ್ಗಗಳ ಸದ್ದು. ಅದಕ್ಕೆ ಮುಂಚೆ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ನೇದಿದ್ದ ಕೆಲವು ವೃದ್ಧರು, ನಾನು ಅಲ್ಲಿಯ ಕಾಲೇಜಿನಲ್ಲಿ ಕನ್ನಡ ಬೋಧಿಸುತ್ತಿದ್ದ ದಿನಗಳಲ್ಲಿ ಇನ್ನೂ ಬದುಕಿದ್ದರು. ಅವರ ಬಾಯಲ್ಲಿ ಹಾಸು, ಹೊಕ್ಕು, ಲಾಳಿ, ಕಂಡಿಕೆ, ಉಂಕಿ, ಅಚ್ಚು ಎಂಬ ಪದಗಳಷ್ಟೇ ಅಲ್ಲದೆ, ಯಾವ ನಿಘಂಟಿನಲ್ಲಿಯೂ ನನಗೆ ದೊರೆಯದ ಅನೇಕ ಮಾತುಗಳಿದ್ದವು. 2002ರಿಂದ ಎರಡು ವರ್ಷಗಳ ಕಾಲ ಸುಮಾರು ನಾಲ್ಕು ನೂರು ಪದಗಳನ್ನು ಚೀಟಿಗಳಲ್ಲಿ ಬರೆದುಕೊಂಡು, ಅಕ್ಷರ ಜೋಡಿಸುವ ಅಂಗಡಿಯೊಂದರಲ್ಲಿ ಗಣಕಯಂತ್ರಕ್ಕೆ ಊಡಿಸಿ, ಒಂದು ಸೀಡಿಯಲ್ಲಿ ತುಂಬಿಸಿ ತಂದೆ. ಅಂಗಡಿಯವರು ಬಳಸಿದ್ದು ಆಗ ಪ್ರಚಾರದಲ್ಲಿದ್ದ ಖಾಸಗಿ ತಂತ್ರಾಂಶವೊಂದನ್ನು. ಕೆಲವು ವರ್ಷಗಳಲ್ಲಿ ಆ ಅಂಗಡಿ ಮುಚ್ಚಿತು. ಚೀಟಿಗಳೂ ಅದರೊಡನೆ ಹೋದವು.

ನಿವೃತ್ತಿಯ ಬಳಿಕ ಆ ಪದಕೋಶವನ್ನು ಅಚ್ಚಿಗೆ ಸಿದ್ಧಪಡಿಸಲು ಕುಳಿತೆ. ಸೀಡಿ ಚೆನ್ನಾಗಿತ್ತು, ಕಡತವೂ ತೆರೆಯಿತು. ಪರದೆಯ ತುಂಬ ಗೆರೆ, ಚುಕ್ಕೆ, ಕೊಂಬು ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ! ತಂತ್ರಾಂಶದ ಕಂಪನಿಗೆ ದೂರವಾಣಿ ಮಾಡಿದರೆ ಮುದ್ರಿತ ಧ್ವನಿಯೊಂದು ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಸುತ್ತಿಸಿತು. ಕಡೆಗೆ ದೊರೆತ ಮನುಷ್ಯಧ್ವನಿ ಬಹು ಸೌಜನ್ಯದಿಂದ, ಆ ಆವೃತ್ತಿಯನ್ನು ನಿಲ್ಲಿಸಿ ಬಹುಕಾಲವಾಯಿತೆಂದೂ, ಹೊಸದನ್ನು ಕೊಳ್ಳಬಹುದೆಂದೂ, ಹೊಸದು ಹಳೆಯ ಕಡತಗಳನ್ನು ತೆರೆಯುವ ಭರವಸೆಯಿಲ್ಲವೆಂದೂ ತಿಳಿಸಿತು. ಕೊನೆಗೆ ನೆರವಾದದ್ದು ಕನ್ನಡದ ಸ್ವಯಂಸೇವಕರು ರಚಿಸಿ ಉಚಿತವಾಗಿ ಕೊಟ್ಟಿರುವ ಪರಿವರ್ತಕ ತಂತ್ರಾಂಶ. ಅದು ಬಹುಪಾಲನ್ನು ಮರಳಿ ಕನ್ನಡವಾಗಿಸಿತು. ಅರ್ಕಾವತ್ತುಗಳು ಪಕ್ಕದ ಅಕ್ಷರಕ್ಕೆ ಹಾರಿದ್ದವು, ಕೆಲವು ಒತ್ತುಗಳು ಮಾಯವಾಗಿದ್ದವು, ತಿದ್ದಿಕೊಂಡೆ. ಆದರೆ ಇಪ್ಪತ್ತಕ್ಕೂ ಹೆಚ್ಚು ಪದಗಳನ್ನು ತಿದ್ದಲಾಗಲಿಲ್ಲ. ಎಳೆ ಕಡಿದಾಗ ಹಾಕುವ ಒಂದು ಬಗೆಯ ಗಂಟಿಗೆ ಮುದುಕರೊಬ್ಬರು ಹೇಳಿದ್ದ ಹೆಸರು ಅವುಗಳಲ್ಲೊಂದು. ಮೊದಲಕ್ಷರ ‘ಸಿ’, ಕೊನೆಯಕ್ಷರ ‘ಕೆ’. ನಡುವೆ ಎರಡು ಖಾಲಿ ಚೌಕಗಳು. ಹೇಳಿದ ಹಿರಿಯರು ತೀರಿಕೊಂಡಿದ್ದಾರೆ. ಅವರ ಮೊಮ್ಮಕ್ಕಳು ವಿದ್ಯುತ್ ಮಗ್ಗದವರು. ಆ ಗಂಟನ್ನು ಕಂಡವರಲ್ಲ. ಆ ಎರಡು ಚೌಕಗಳಲ್ಲಿ ಏನಿತ್ತೆಂದು ಇನ್ನು ಯಾರನ್ನು ಕೇಳಲಿ? ಸೋರುವ ಕೊಡೆಗೆ ಬದಲಿ ಕೊಡೆಯುಂಟು. ಇದಕ್ಕೆ ಪರಿಹಾರವನ್ನು ಯಾವ ಗ್ರಾಹಕ ನ್ಯಾಯಾಲಯ ಯಾವ ಲೆಕ್ಕದಲ್ಲಿ ಕೊಟ್ಟೀತು?

ಈ ಅರಾಜಕತೆಗೆ ಮದ್ದಾಗಿ ಬಂದದ್ದು ಯೂನಿಕೋಡ್ ಎಂಬ ಜಾಗತಿಕ ಶಿಷ್ಟತೆ. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. 3200ರಿಂದ 3327ರವರೆಗಿನ 128 ಮನೆಗಳು ನಮಗೆ ಮೀಸಲು. ‘ಕ’ಕಾರದ ಸಂಖ್ಯೆ 3221, ದೊಡ್ಡಬಳ್ಳಾಪುರದಲ್ಲಿಯೂ ಅಷ್ಟೆ, ಟೋಕಿಯೋದಲ್ಲಿಯೂ ಅಷ್ಟೆ. ವಿಂಡೋಸ್‌ನಲ್ಲಿ ಈ ಕನ್ನಡ ಮೂಡತೊಡಗಿದ್ದು ಎಕ್ಸ್‌ಪಿಯಿಂದ, ‘ತುಂಗಾ’ ಎಂಬ ಅಕ್ಷರವಿನ್ಯಾಸದೊಡನೆ. ಅಂದರೆ ಮನೆಗಳು ಗೊತ್ತಾದ ಮೇಲೂ ಅಲ್ಲಿಗೆ ಹೋಗುವ ಬಾಗಿಲು ತೆರೆಯಲು ಹತ್ತು ವರ್ಷ ಬೇಕಾಯಿತು. ನಮ್ಮ ಕಡತಗಳೆಷ್ಟೋ ಕುರುಡಾದದ್ದು ಆ ನಡುಗಾಲದಲ್ಲಿ ಮತ್ತು ಅನಂತರವೂ ಹಳೆಯ ರೂಢಿ ಬಿಡದಿದ್ದ ಕಾಲದಲ್ಲಿ.

ಯೂನಿಕೋಡ್ ಕೂಡ ದೋಷಮುಕ್ತವಲ್ಲ. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ವಿಚಾರಿಸಿರುವ, ಹಳಗನ್ನಡ ಶಾಸನಗಳಲ್ಲಿ ಕಾಣುವ ‘ೞ’ ಎಂಬ ಅಕ್ಷರವನ್ನು ಕನ್ನಡ ಎಂ.ಎ. ಓದಿದವರೆಲ್ಲರೂ ಬಲ್ಲರು. ಅದರ ಸಂಖ್ಯೆ 3294. ಆ ಪಟ್ಟಿಯಲ್ಲಿ ಅದಕ್ಕೆ ಕೊಟ್ಟಿರುವ ಅಧಿಕೃತ ಹೆಸರು ಮಾತ್ರ ‘ಕನ್ನಡ ಅಕ್ಷರ ಫ’! ನೋಡಿ ನಕ್ಕೆ, ಅನಂತರ ಸಿಟ್ಟಾದೆ. ಒಮ್ಮೆ ಕೊಟ್ಟ ಹೆಸರನ್ನು ಎಂದೂ ಬದಲಿಸಕೂಡದೆಂಬುದು ಅವರ ನಿಯಮವಾದ್ದರಿಂದ, ಹೆಸರು ತಪ್ಪೆಂಬ ಟಿಪ್ಪಣಿಯನ್ನೂ ಸರಿಯಾದ ಹೆಸರನ್ನು ಪರ್ಯಾಯವಾಗಿಯೂ ಸೇರಿಸಿ ಸುಮ್ಮನಾಗಿದ್ದಾರೆ. ಯೋಚಿಸಿದಂತೆ ನನ್ನ ಸಿಟ್ಟು ಇಳಿಯಿತು. ಹೆಸರನ್ನು ತಿದ್ದಲು ಬಿಡದ ಆ ಹಟವೇ ಸಂಖ್ಯೆಯನ್ನೂ ಕದಲಗೊಡುವುದಿಲ್ಲ. ಇಂದು ಬರೆದ ‘ಕ’ ಐವತ್ತು ವರ್ಷದ ಅನಂತರವೂ 3221 ಆಗಿಯೇ ಇರುತ್ತದೆಂಬ ಭರವಸೆಗೆ ತೆರಬೇಕಾದ ಬೆಲೆ ಒಂದು ತಪ್ಪು ಹೆಸರಾದರೆ ಅದು ಅಗ್ಗವೇ. ವ್ಯಾಪಾರಿಯ ಮನಸ್ಸು ಬದಲಾದಂತೆ ಬದಲಾಗದ ನಿಯಮವೊಂದು ಬರಹಕ್ಕೆ ಬೇಕು. ಕಲ್ಲಿಗೆ ಇದ್ದ ಗುಣ ಅದು. ಬಿ. ಎಲ್. ರೈಸ್ ಅವರು 1905ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟದಲ್ಲಿ ನೆಲಮಂಗಲ, ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರಗಳ ಶಾಸನಗಳನ್ನು ಪ್ರಕಟಿಸಿದಾಗ, ಅವನ್ನು ಓದಲು ಯಾರ ಪರವಾನಗಿಯೂ ಬೇಕಾಗಿರಲಿಲ್ಲ.

2021ರ ಜೂನ್ ತಿಂಗಳಲ್ಲಿ ನಡೆದ ಒಂದು ಪ್ರಸಂಗ ತಮಗೆ ನೆನಪಿರಬಹುದು. ಭಾರತದ ಅತ್ಯಂತ ಕುರೂಪದ ಭಾಷೆ ಯಾವುದೆಂದು ಕೇಳಿದರೆ ಗೂಗಲ್ ಶೋಧಕ ‘ಕನ್ನಡ’ ಎಂಬ ಉತ್ತರವನ್ನು ತೋರಿಸಿತು. ನಾಡಿಗೆ ನಾಡೇ ಕೆರಳಿತು. ಕಂಪನಿ ಉತ್ತರವನ್ನು ತೆಗೆದುಹಾಕಿ ಕ್ಷಮೆ ಯಾಚಿಸಿತು. ಆ ಕೋಪ ನ್ಯಾಯವಾದದ್ದು. ಆದರೆ ಬೈಗುಳಕ್ಕೆ ಎಚ್ಚೆತ್ತ ನಾವು, ಒಂದು ತಲೆಮಾರಿನ ಕನ್ನಡ ಕಡತಗಳು ಓದಲಾಗದ ಕಸವಾಗುತ್ತಿದ್ದಾಗ ಮಲಗಿಯೇ ಇದ್ದೆವು. ಕುರೂಪವೆಂದರೆ ಭಾಷೆಗೆ ಕುಂದಿಲ್ಲ, ಕಾಣದಾದರೆ ಕುಂದು. ಕೇಳಿದರೆ ಫಲವಿದೆ ಎಂಬುದಕ್ಕೂ ಆ ಪ್ರಸಂಗವೇ ಸಾಕ್ಷಿ. 2022ರ ಅಕ್ಟೋಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು, ಆಂಡ್ರಾಯ್ಡ್ ಫೋನುಗಳ ವಿಷಯದಲ್ಲಿ ತನ್ನ ಪ್ರಾಬಲ್ಯವನ್ನು ದುರುಪಯೋಗಪಡಿಸಿಕೊಂಡಿತೆಂದು ಅದೇ ಕಂಪನಿಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. ಮರುವರ್ಷ ಮೇಲ್ಮನವಿ ನ್ಯಾಯಮಂಡಲಿಯೂ ಆ ದಂಡವನ್ನು ಎತ್ತಿಹಿಡಿಯಿತು. ದೈತ್ಯ ಕಂಪನಿಗಳು ಪ್ರಶ್ನಾತೀತವಲ್ಲ.

ಹಾಗಾದರೆ ನಾವು ಕೇಳಬೇಕಾದದ್ದೇನು? ತಂತ್ರಾಂಶವನ್ನು ನಿಲ್ಲಿಸುವ ಹಕ್ಕು ಕಂಪನಿಗೆ ಇರಲಿ. ನಿಲ್ಲಿಸುವ ಮುನ್ನ ಅದರಲ್ಲಿ ಬರೆದದ್ದನ್ನೆಲ್ಲ ಸರ್ವರೂ ಓದಬಲ್ಲ ರೂಪದಲ್ಲಿ ಬಳಕೆದಾರನ ಕೈಗೆ ಒಪ್ಪಿಸುವ ಹೊಣೆಯೂ ಅದರದೇ ಎಂದು ಕಾಯಿದೆಯಾಗಬೇಕು. ಮನೆ ಬಿಡಿಸುವ ಒಡೆಯನು ಒಕ್ಕಲಿನ ಪಾತ್ರೆಪಡಗಗಳನ್ನು ಇಟ್ಟುಕೊಳ್ಳಲಾರನಷ್ಟೆ. ನಮ್ಮ ವಿಶ್ವವಿದ್ಯಾಲಯಗಳೂ ಅಕಾಡೆಮಿಗಳೂ ತಮ್ಮಲ್ಲಿರುವ ಹಳೆಯ ಕಡತಗಳನ್ನು, ಅವುಗಳನ್ನು ಬರೆದವರು, ಜೋಡಿಸಿದವರು ಬದುಕಿರುವಾಗಲೇ ಯೂನಿಕೋಡಿಗೆ ತಂದು ಮೂಲದೊಡನೆ ತಾಳೆ ನೋಡಬೇಕು. ಮನೆಯಲ್ಲಿ ತಂದೆಯ ಆತ್ಮಕಥೆಯೋ, ತಾಯಿಯ ಹಾಡುಗಳ ಸಂಗ್ರಹವೋ ಹಳೆಯ ಸೀಡಿಯಲ್ಲಿ ಮಲಗಿದ್ದರೆ ಅದನ್ನು ಈ ವಾರವೇ ತೆರೆದು ನೋಡಿ ಎಂದು ಶ್ರೋತೃಗಳಲ್ಲಿ ನನ್ನ ವಿನಂತಿ. ಖಾಲಿ ಚೌಕಗಳಲ್ಲಿ ಏನಿತ್ತೆಂದು ಹೇಳಬಲ್ಲವರು ಇನ್ನೂ ಇದ್ದಾರು.

ಉಳುವವನಿಗೆ ಹೊಲ ದಕ್ಕಿದ್ದು ಕೇಳಿದ್ದರಿಂದ. ಬರೆದವನಿಗೆ ಬರಹ ದಕ್ಕಬೇಕಾದರೂ ದಾರಿ ಅದೊಂದೇ.