ಹತ್ತು ಗಂಟೆಗೆ ಮುಂಚಿನ ಅರ್ಧ ಗಂಟೆ

ನಾನು ದಾವಣಗೆರೆಯವನು. 2017ರಲ್ಲಿ ಕೆಲಸ ಸಿಕ್ಕಿ ಚೆನ್ನೈಗೆ ಹೋದೆ. ಓಎಂಆರ್ ರಸ್ತೆಯಲ್ಲಿ ಆಫೀಸು, ತೊರೈಪಾಕ್ಕಂನಲ್ಲಿ ರೂಮು. ಊರಲ್ಲಿದ್ದಾಗ ಕುಡಿತ ಅಂದ್ರೆ ವರ್ಷಕ್ಕೆ ಎರಡು ಸಲ, ಗೆಳೆಯರ ಮದುವೆಯಲ್ಲಿ. ಚೆನ್ನೈಗೆ ಹೋದ ಒಂದೂವರೆ ವರ್ಷದಲ್ಲಿ ಅದು ದಿನಾ ರಾತ್ರಿಯ ಕಥೆ ಆಗಿತ್ತು.

ತಮಿಳುನಾಡಿನಲ್ಲಿ 2003ರಿಂದ ಚಿಲ್ಲರೆ ಮದ್ಯ ಮಾರಾಟ ಸರ್ಕಾರದ ಟಾಸ್ಮಾಕ್ ಕೈಯಲ್ಲಿದೆ. ರಾತ್ರಿ 10ಕ್ಕೆ ಅಂಗಡಿ ಬಾಗಿಲು ಹಾಕ್ತಾರೆ. ಬೆಂಗಳೂರಿನ ಹಾಗೆ ಎಲ್ಲೆಂದರಲ್ಲಿ ಪಬ್ ಇಲ್ಲ. ದೊಡ್ಡ ಹೋಟೆಲಿನ ಬಾರಿಗೆ ಹೋಗಬೇಕು, ಇಲ್ಲಾ ಅಂಗಡಿ ಪಕ್ಕದ ಬಾರಿನಲ್ಲಿ ಕುಡೀಬೇಕು. ಎರಡೂ ನನಗೆ ಒಗ್ಗಲಿಲ್ಲ. ಬಾಟಲಿ ರೂಮಿಗೇ ಬಂತು.

ನಮ್ಮ ಕಾಲ್ ಮುಗೀತಿದ್ದದ್ದು ಒಂಬತ್ತೂವರೆಗೆ. ಉಳಿದದ್ದು ಅರ್ಧ ಗಂಟೆ. ಬೇಕೋ ಬೇಡವೋ ಅಂತ ಯೋಚಿಸೋಕೂ ಪುರುಸೊತ್ತಿಲ್ಲ, ಓಡೋದೊಂದೇ. ನಾಳೆ ತಡವಾದ್ರೆ ಅಂತ ನಾಳೆದನ್ನೂ ಇವತ್ತೇ ತಗೊಳ್ತಿದ್ದೆ. ಎರಡೂ ಇವತ್ತೇ ಖಾಲಿ. "ಸಾಕು ಕಣೋ" ಅನ್ನೋರು ರೂಮಿನಲ್ಲಿ ಯಾರೂ ಇರಲಿಲ್ಲ. ಆಫೀಸಿನಲ್ಲಿ ಟೀ ಹೊತ್ತಿಗೆ ಎಲ್ಲರೂ ತಮಿಳಿನಲ್ಲಿ ನಗೋರು. ನನಗೆ ಅರ್ಥವಾಗೋ ಹೊತ್ತಿಗೆ ಮಾತು ಮುಂದೆ ಹೋಗಿರ್ತಿತ್ತು.

ಕುಡಿದ್ರೆ ನಿದ್ದೆ ಬೇಗ ಬರುತ್ತೆ, ನಿಜ. ಆದ್ರೆ ಅಮಲು ಇಳೀತಿದ್ದ ಹಾಗೆ ನಿದ್ದೆ ಒಡೆಯುತ್ತೆ. ನನಗೆ ದಿನಾ ಮೂರು ಗಂಟೆಗೆ ಎಚ್ಚರ, ಎದೆ ಡವಡವ. ಅದು ಕೆಲಸದ ಟೆನ್ಷನ್ ಅಂದ್ಕೊಂಡು, ಅದಕ್ಕೂ ಸೇರಿಸಿ ಕುಡೀತಿದ್ದೆ.

ಅಮ್ಮ ರಾತ್ರಿ ಹತ್ತೂವರೆಗೆ ಫೋನ್ ಮಾಡೋರು. ನಾಲಿಗೆ ತೊದಲುತ್ತೆ ಅಂತ ನಾನು ತೆಗೀತಿರಲಿಲ್ಲ. ಒಂದು ರಾತ್ರಿ ಮೂರಕ್ಕೆ ಎಚ್ಚರವಾದಾಗ ನೋಡಿದ್ರೆ 14 ಮಿಸ್ಡ್ ಕಾಲ್. ಅಪ್ಪನಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದ್ರು. ಅಪ್ಪ ಉಳಿದ್ರು. ಅಮ್ಮ ಬೈಲಿಲ್ಲ. "ನಿದ್ದೆ ಹತ್ತಿತ್ತೇನಪ್ಪಾ?" ಅಂದ್ರು. ಹೂಂ ಅಂದೆ.

ಆಮೇಲೆ ಒಬ್ಬ ಕೌನ್ಸೆಲರ್ ಹತ್ತಿರ ಹೋದೆ. ಅವರು ಮೊದಲು ಕೇಳಿದ್ದು, "ಆಫೀಸಿನಿಂದ ರೂಮಿಗೆ ಯಾವ ದಾರಿಯಲ್ಲಿ ಹೋಗ್ತೀರಿ?" ನಾನು ಮನಸ್ಸು ಗಟ್ಟಿ ಇಲ್ಲ ಅಂತ ನನ್ನನ್ನೇ ಬೈಕೊಳ್ತಿದ್ದೆ. ಅವರು ದಾರಿ, ಹೊತ್ತು, ಖಾಲಿ ರೂಮು ಮೂರನ್ನೂ ಬರೆಸಿದ್ರು. ಒಂದು ಸ್ಟಾಪ್ ಮೊದಲೇ ಇಳಿದು ಬೇರೆ ಬೀದಿ ಹಿಡಿದೆ. ಹುಬ್ಬಳ್ಳಿಯ ಹುಡುಗನೊಬ್ಬನ ಜೊತೆ ರೂಮು ಹಂಚಿಕೊಂಡೆ. ನಡುವೆ ಎರಡು ಸಲ ಜಾರಿದೆ, ಮತ್ತೆ ಹೋದೆ.

ಒಂದು ಎಚ್ಚರಿಕೆ. ಬಹಳ ಕಾಲ ದಿನಾ ಜಾಸ್ತಿ ಕುಡಿದವರು ಒಮ್ಮೆಲೇ ನಿಲ್ಲಿಸಬೇಡಿ. ನಡುಕ, ಫಿಟ್ಸ್ ಬರಬಹುದು. ವೈದ್ಯರನ್ನು ಕೇಳಿ. ಚೆನ್ನೈನ ಇಂದಿರಾನಗರದಲ್ಲಿ ಟಿ.ಟಿ. ರಂಗನಾಥನ್ ಹೆಸರಿನ ವ್ಯಸನ ಚಿಕಿತ್ಸಾ ಕೇಂದ್ರ ಇದೆ. ಕುಡಿತಕ್ಕೆ ಗಂಡನನ್ನು ಕಳೆದುಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಕಟ್ಟಿದ್ದು. ಕನ್ನಡದಲ್ಲೇ ಮಾತಾಡಬೇಕು ಅನಿಸಿದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ.

ಆ ಅರ್ಧ ಗಂಟೆ ಈಗ ಅಮ್ಮನದು. ಒಂಬತ್ತೂವರೆಗೆ ನಾನೇ ಫೋನ್ ಮಾಡ್ತೀನಿ. ಹೊತ್ತು ಯಾಕೆ ಬದಲಾಯ್ತು ಅಂತ ಅವರು ಇವತ್ತಿಗೂ ಕೇಳಿಲ್ಲ. ಈ ವಿಡಿಯೋ ನೋಡಿದ್ರೆ ಗೊತ್ತಾಗುತ್ತೆ.