ಸಂಬಳದ ಬಿಲ್ಲು ಬರೆಯುವವರನ್ನು ಕೇಳಿದ್ದರೆ

ಕಚೇರಿಗೆ ಹೊಸ ಲೆಕ್ಕಪತ್ರದ ಸಾಫ್ಟ್‌ವೇರ್ ಬರುತ್ತದೆ ಎಂದಾಗ ಮೇಲಧಿಕಾರಿಗಳು, ಕಂಪನಿಯವರು, ಸಲಹೆಗಾರರು ಸಭೆ ಸೇರುತ್ತಾರೆ. ದಿನವಿಡೀ ಅದರ ಮುಂದೆ ಕೂರಬೇಕಾದ ಗುಮಾಸ್ತರಿಗೆ ಕರೆ ಬರುವುದು ಎಲ್ಲ ಮುಗಿದ ಮೇಲೆ, ತರಬೇತಿಗೆ. ಹೀಗೆ ಮಾಡಿದರೆ ಏನಾಗಬಹುದು ಎಂಬುದನ್ನು ಕೆನಡಾ ಸರ್ಕಾರದ ‘ಫೀನಿಕ್ಸ್’ ವೇತನ ವ್ಯವಸ್ಥೆಯಲ್ಲಿ ನೋಡಬಹುದು.

ಅಲ್ಲಿನ ಕೇಂದ್ರ ಸರ್ಕಾರದ ನೌಕರರ ಸಂಬಳವನ್ನು ಸುಮಾರು 40 ವರ್ಷ ಹಳೆಯ ವ್ಯವಸ್ಥೆಯೊಂದು ಲೆಕ್ಕ ಹಾಕುತ್ತಿತ್ತು. ವೇತನದ ನಿಯಮಗಳೇ ಸುಮಾರು 80,000. ಯಾರು ಯಾವ ತಿಂಗಳು ಮೇಲಿನ ಹುದ್ದೆಯ ಪ್ರಭಾರದಲ್ಲಿದ್ದರು, ಯಾರಿಗೆ ಹಿಂಬಾಕಿ ಸಲ್ಲಬೇಕು, ಯಾವ ಪಾಳಿಗೆ ಯಾವ ದರ ಎಂಬುದೆಲ್ಲ ಇಲಾಖೆಗಳಲ್ಲಿ ವರ್ಷಗಟ್ಟಲೆ ಇದೇ ಕೆಲಸ ಮಾಡಿದ ವೇತನ ಸಿಬ್ಬಂದಿಗೆ ಗೊತ್ತಿತ್ತು. ಹಳೆಯ ಯಂತ್ರ ಎಲ್ಲಿ ಎಡವುತ್ತದೆ, ಎಲ್ಲಿ ಕೈಯಿಂದ ತಿದ್ದಬೇಕು ಎಂಬುದೂ ಗೊತ್ತಿತ್ತು. ಇಂಥ ತಿಳಿವಳಿಕೆ ಯಾವ ಕೈಪಿಡಿಯಲ್ಲೂ ಪೂರ್ತಿಯಾಗಿ ಸಿಗುವುದಿಲ್ಲ.

ಸರ್ಕಾರ ಏಕಕಾಲಕ್ಕೆ ಎರಡು ಕೆಲಸಕ್ಕೆ ಕೈಹಾಕಿತು. ಹೊಸ ಸಾಫ್ಟ್‌ವೇರ್ ಒಂದು. ಹತ್ತಾರು ಇಲಾಖೆಗಳ ಸಂಬಳದ ಕೆಲಸವನ್ನೆಲ್ಲ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಮಿರಮಿಶಿ ಎಂಬ ಊರಿಗೆ ಸಾಗಿಸುವುದು ಇನ್ನೊಂದು. ಅನುಭವಿಗಳ ಹುದ್ದೆಗಳು ರದ್ದಾದವು. ವೇತನ ಸಿಬ್ಬಂದಿಯಲ್ಲಿ ಒಬ್ಬೊಬ್ಬರು ಸರಾಸರಿ 184 ನೌಕರರ ವೇತನ ಕಡತ ನೋಡಿಕೊಳ್ಳುತ್ತಿದ್ದ ಕಡೆ ಇನ್ನು ಮುಂದೆ 400 ನೋಡಿಕೊಳ್ಳುತ್ತಾರೆ ಎಂದು ಎಣಿಸಲಾಯಿತು. ಖರ್ಚು ಮಿತಿ ಮೀರುತ್ತದೆಂದು ಹಿಂಬಾಕಿ ಲೆಕ್ಕ ಹಾಕುವಂಥ ಅಗತ್ಯ ಸೌಲಭ್ಯಗಳನ್ನೇ ತೆಗೆದುಹಾಕಿದರು ಇಲ್ಲವೇ ಮುಂದಕ್ಕೆ ಹಾಕಿದರು. ಒಂದು ಇಲಾಖೆಯಲ್ಲಿ ಮೊದಲು ಪ್ರಯೋಗ ಮಾಡಿ ನೋಡೋಣ ಎಂಬ ಯೋಜನೆಯಿತ್ತು, ಅದನ್ನೂ ಕೈಬಿಟ್ಟರು. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು ಇದೇ. ಆ ಪ್ರಯೋಗ ನಡೆದಿದ್ದರೆ, ಯಾವ ಸೌಲಭ್ಯ ತೆಗೆದರೆ ಯಾರ ಸಂಬಳ ನಿಲ್ಲುತ್ತದೆ ಎಂಬುದನ್ನು ಬಿಲ್ಲು ಮಾಡುವವರೇ ಬೆರಳಿಟ್ಟು ತೋರಿಸುತ್ತಿದ್ದರು.

2016ರ ಫೆಬ್ರವರಿಯಲ್ಲಿ ಫೀನಿಕ್ಸ್ ಶುರುವಾಯಿತು. ಕೆಲವರಿಗೆ ಕಡಿಮೆ ಸಂಬಳ ಬಂತು, ಕೆಲವರಿಗೆ ಹೆಚ್ಚು, ಕೆಲವರಿಗೆ ಬರಲೇ ಇಲ್ಲ. ಮನೆಸಾಲದ ಕಂತು ಕಟ್ಟಲಾಗದೆ ಜನ ಒದ್ದಾಡಿದರು. ಹೆಚ್ಚು ಬಂದವರ ಪಾಡೂ ಸುಖದ್ದಲ್ಲ. ಅದನ್ನು ಹಿಂದಿರುಗಿಸಬೇಕು, ತೆರಿಗೆಯ ಲೆಕ್ಕ ಬೇರೆ ತಪ್ಪುತ್ತದೆ. ಒಬ್ಬೊಬ್ಬರು 400 ಕಡತ ನೋಡಿಕೊಳ್ಳುತ್ತಾರೆ ಎಂದುಕೊಂಡಿದ್ದರೆ, ಆ ಸಂಖ್ಯೆ ಸುಮಾರು 150ಕ್ಕೆ ಕುಸಿಯಿತು. 2018ರಲ್ಲಿ ಅಲ್ಲಿನ ಮಹಾಲೆಕ್ಕಪರಿಶೋಧಕ ಮೈಕೆಲ್ ಫರ್ಗುಸನ್ ಇದನ್ನು ಗ್ರಹಿಕೆಗೆ ನಿಲುಕದ ವೈಫಲ್ಯ ಎಂದು ಕರೆದರು. ವೇತನ ಕೇಂದ್ರವಾಗಲಿ, ಇಲಾಖೆಗಳಾಗಲಿ ಸಿದ್ಧವಿಲ್ಲ ಎಂಬ ಎಚ್ಚರಿಕೆಗಳ ಗಾಂಭೀರ್ಯ ಯೋಜನೆಯ ಮುಖ್ಯಸ್ಥರಿಗೆ ಅರ್ಥವಾಗಿರಲಿಲ್ಲ.

ಬೇರೆ ದಾರಿ ಇರಲಿಲ್ಲವೆ? ಬಹಳ ಹಿಂದೆಯೇ ಇತ್ತು. ಮ್ಯಾಂಚೆಸ್ಟರ್ ಬಿಸಿನೆಸ್ ಸ್ಕೂಲ್‌ನಲ್ಲಿದ್ದ ಎನಿಡ್ ಮಮ್‌ಫರ್ಡ್ ಎಂಬ ವಿದ್ವಾಂಸೆ 1970ರ ದಶಕದಲ್ಲಿ ರೋಲ್ಸ್ ರಾಯ್ಸ್ ಕಂಪನಿಯ ಖರೀದಿ ಬಿಲ್ಲುಗಳ ವಿಭಾಗದಲ್ಲಿ ಗುಮಾಸ್ತರನ್ನೇ ವಿನ್ಯಾಸ ತಂಡಕ್ಕೆ ಸೇರಿಸಿದರು. ನಮ್ಮ ಕೆಲಸ ಹೇಗಿರಬೇಕು, ಯಂತ್ರ ಯಾವುದನ್ನು ಮಾಡಲಿ, ಯಾವುದು ನಮ್ಮ ಕೈಯಲ್ಲೇ ಉಳಿಯಲಿ ಎಂದು ಅವರೇ ಚರ್ಚಿಸಿದರು. ಬಳಕೆದಾರರನ್ನು ಒಳಗೊಳ್ಳುವುದು ಎಂದರೆ ನನಗೆ ಇದೇ. ಸಿದ್ಧವಾದ ಪರದೆಯನ್ನು ತೋರಿಸಿ ಬಣ್ಣ ಇಷ್ಟವಾಯಿತೇ ಎಂದು ಕೇಳಿದರೆ ಸಾಲದು. ತಿಂಗಳ ಕೊನೆಯ ದಿನ, ಕೆಲಸ ಮೈಮೇಲೆ ಬಿದ್ದಿರುವಾಗ, ಅವರ ಪಕ್ಕದಲ್ಲಿ ಕೂತು ನೋಡಬೇಕು. ಅವರು ‘ಇದಿನ್ನೂ ಸಿದ್ಧವಿಲ್ಲ’ ಎಂದರೆ ಆರಂಭದ ದಿನಾಂಕ ಮುಂದಕ್ಕೆ ಹೋಗಬೇಕು. ಹಾಗೆ ನಿಲ್ಲಿಸುವ ಅಧಿಕಾರ ಅವರಿಗಿಲ್ಲದಿದ್ದರೆ ಅಭಿಪ್ರಾಯ ಕೇಳಿದ್ದು ವ್ಯರ್ಥ.

ಕೆನಡಾ ಸರ್ಕಾರ 2018ರ ಬಜೆಟ್‌ನಲ್ಲಿ ಫೀನಿಕ್ಸ್‌ಗೆ ಬದಲಿ ಹುಡುಕಲು ಹೊರಟಿತು. ಈ ಸಲ ಗುತ್ತಿಗೆ ಕೊಡುವ ಮೊದಲೇ ಪ್ರದರ್ಶನಗಳನ್ನು ಏರ್ಪಡಿಸಿ, ಸ್ಪರ್ಧೆಯಲ್ಲಿದ್ದ ಕಂಪನಿಗಳ ಸಾಫ್ಟ್‌ವೇರ್‌ಗಳನ್ನು ನೌಕರರ ಮುಂದಿಟ್ಟಿತು, ಅವರೇ ಬಳಸಿ ನೋಡಿ ಹೇಳಲಿ ಎಂದು.